ಶಾಕಿಗೆ ಹೊಯ್ದ ಎಣ್ಣೆ

ಡೊಂಬಿವಲಿಯ ಲೀಲಾಧರನ ರಿಮೋಟ್ ಕಾರು ಹೋದ ಮೂರು ರೇಸುಗಳಲ್ಲಿ ಒಮ್ಮೆಯೂ ಗುರಿ ಮುಟ್ಟಿರಲಿಲ್ಲ. ಈ ಭಾನುವಾರವೂ ಮುಟ್ಟದಿದ್ದರೆ ಅದು ಸೀದಾ ಅಟ್ಟಕ್ಕೆ ಎಂದು ಹೆಂಡತಿ ರತ್ನಾವತಿ ತೀರ್ಪು ಕೊಟ್ಟಾಗಿತ್ತು. ಮೊಳದುದ್ದದ ಕಾರಿಗಾಗಿ ಎರಡು ವರ್ಷ ಊಟದ ಮೇಜು ಬಿಟ್ಟುಕೊಟ್ಟವಳು ಅವಳು.

ಶನಿವಾರ ಮಧ್ಯಾಹ್ನ ಲೀಲಾಧರ ಮೋಟಾರಿನ ಹಲ್ಲುಚಕ್ರ ತೆಗೆದು, ಒಂದು ಹಲ್ಲು ಕಡಿಮೆ ಇರುವುದನ್ನು ಕೂರಿಸಿದ. ವೇಗ ತುಸು ತಗ್ಗಿದರೂ ತಿರುವಿನಿಂದ ಹೊರಡುವಾಗ ಎಳೆತ ಬರುತ್ತದೆ. ಬಳಿಕ ಬೆರಳುಗಾತ್ರದ ನಾಲ್ಕು ಶಾಕ್ ಅಬ್ಸಾರ್ಬರ್ ಬಿಚ್ಚಿದ. ಅವುಗಳಿಗೆ ಹೊಯ್ಯುವ ಸಿಲಿಕಾನ್ ಎಣ್ಣೆ ಮುಗಿದಿತ್ತು. ಕರಾವಳಿಯವನ ಕೈ ತಾನಾಗಿ ತೆಂಗಿನೆಣ್ಣೆಯ ಡಬ್ಬಿಗೆ ಹೋಯಿತು. ಕಿಟಕಿಯ ಬಿಸಿಲಿಗಿದ್ದ ಎಣ್ಣೆ ನೀರಿನಂತಿತ್ತು. ತುಂಬಿ, ಕಾರನ್ನು ಅಂಗೈಯಲ್ಲಿ ಒತ್ತಿ ಬಿಟ್ಟ. ಇಳಿಯಿತು, ಮೆಲ್ಲನೆ ಏರಿತು, ಒಂದಿಷ್ಟೂ ಸದ್ದಿಲ್ಲ. ಅಂಥ ಮೌನ ಡೊಂಬಿವಲಿಯಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಇನ್ನೂ ಆರು ಸಲ ಒತ್ತಿ ಕೇಳಿದ.

ಮರುದಿನ, ಜನವರಿಯ ಬೆಳಗ್ಗೆ ಏಳಕ್ಕೆ, ಖಾರಘರದ ಬೆಟ್ಟದಡಿಯ ಮೈದಾನದಲ್ಲಿ ಚಳಿ ಕಚ್ಚುತ್ತಿತ್ತು. ಅಭ್ಯಾಸಕ್ಕೆ ಬಿಟ್ಟ ಕಾರು ಮೊದಲ ಉಬ್ಬಿಗೇ ಪುಟಿದು ಮಗುಚಿತು.

"ಅಂಕಲ್, ಇದು ಗಾಡಿಯಾ? ಕಪ್ಪೆ ಇದು!" ಪ್ರತಿ ಸಲ ಗೆಲ್ಲುವ ವಾಶಿಯ ಹಿತೇಶ್ ಹಿಂದಿಯಲ್ಲಿ ಅಂದು ನಕ್ಕ.

ಲೀಲಾಧರ ಒತ್ತಿ ನೋಡಿದ. ಶಾಕ್‌ಗಳು ಕಲ್ಲಾಗಿದ್ದವು. ಸ್ಪ್ರಿಂಗ್ ಸಡಿಲಿಸಿದ, ಚಕ್ರ ಅಲುಗಿಸಿದ, ಏನೂ ಹೊಳೆಯಲಿಲ್ಲ. ರೇಸಿಗೆ ಹತ್ತೇ ನಿಮಿಷ.

"ಇದಕ್ಕೆ ಯಾವ ಎಣ್ಣೆ ಹೊಯ್ದಿರಿ?" ಕಾಫಿಯ ಥರ್ಮಾಸ್ ಹಿಡಿದು ಜೊತೆಗೆ ಬಂದಿದ್ದ ರತ್ನಾವತಿ ಕೇಳಿದಳು.

ಅವನು ಬೆಟ್ಟದ ಕಡೆ ನೋಡಿದ.

"ನನ್ನ ತೆಂಗಿನೆಣ್ಣೆಯಾ? ಚಳಿಗೆ ಅದು ಗಟ್ಟಿಯಾಗುದಿಲ್ವಾ ಮಾರಾಯ್ರೆ! ಈ ತಿಂಗಳಿಡೀ ಡಬ್ಬಿಯನ್ನು ಬಿಸಿನೀರಲ್ಲಿ ಇಡುದು ಯಾರು?"

"ನೀನು."

"ಮತ್ತೆ? ಕೊಡಿ ಇಲ್ಲಿ."

ಥರ್ಮಾಸಿನ ಕಾಫಿಯನ್ನು ನಾಲ್ಕು ಸ್ಟೀಲ್ ಲೋಟಗಳಿಗೆ ಬಗ್ಗಿಸಿದಳು. ಎರಡನ್ನು ಗಂಡನ ಕೈಗಿತ್ತು, ಎರಡನ್ನು ತಾನೇ ಶಾಕ್‌ಗಳಿಗೆ ಒತ್ತಿ ಹಿಡಿದಳು.

"ಅಟ್ಟಕ್ಕೆ ಹಾಕ್ತೇನೆ ಅಂದದ್ದು ನೀನೇ ಅಲ್ವಾ?"

"ಈಗಲೂ ಹಾಕ್ತೇನೆ. ಆದ್ರೆ ನನ್ನ ಎಣ್ಣೆಯಿಂದ ಸೋತದ್ದು ಅಂತ ಆಗಬಾರದು. ಮಾತು ಬಿಡಿ, ಲೋಟ ಹಿಡೀರಿ."

ಶಾಕ್‌ಗಳು ಮೆತ್ತಗಾದವು. ಕಾರು ಉಬ್ಬುಗಳನ್ನು ಸವರಿಕೊಂಡು ಹೋಯಿತು, ತಿರುವುಗಳಲ್ಲಿ ಚಿಮ್ಮಿ ಹೊರಟಿತು. ಆದರೆ ಚಳಿಗಾಳಿ ಬಿಡಲಿಲ್ಲ. ಕೊನೆಯ ಸುತ್ತಿಗೆ ಎಣ್ಣೆ ಮತ್ತೆ ಹೆಪ್ಪುಗಟ್ಟತೊಡಗಿತು. ಲೀಲಾಧರ ವೇಗ ಇಳಿಸಿದ. ಒಂದು ಉಬ್ಬು, ಒಂದು ಕುಪ್ಪಳಿಕೆ. ಇನ್ನೊಂದರಲ್ಲಿ ಕಾರು ಎರಡೇ ಚಕ್ರದ ಮೇಲೆ ನಿಂತು, ಯೋಚಿಸಿ, ನೆಲಕ್ಕಿಳಿಯಿತು. ರತ್ನಾವತಿ ಅವನ ತೋಳು ಚಿವುಟಿ ಹಿಡಿದಿದ್ದಳು.

ಎಂಟರಲ್ಲಿ ಏಳನೆಯದಾಗಿ ಗೆರೆ ದಾಟಿತು.

ಲೀಲಾಧರ ಹೆಂಡತಿಯ ಮುಖ ನೋಡಿದ. ಅವಳು ಕಾರನ್ನಾಗಲೀ ಅವನನ್ನಾಗಲೀ ನೋಡುತ್ತಿರಲಿಲ್ಲ.

"ಆ ಆರನೆಯ ಗಾಡಿ ಯಾರದ್ದು?" ಎಂದಳು. "ಮುಂದಿನ ಸಲ ಅವನನ್ನು ಬಿಡಬಾರದು."