ಭಾನುವಾರದ ಸವತಿ

ಅಣ್ಣನ ಅಂಗಿಗೆ ಎರಡು ಗುಂಡಿ ಹಾಕಿ ಮೂರನೆಯದಕ್ಕೆ ಕೈಯಿಟ್ಟಿದ್ದ ನಾದಿನಿಯನ್ನು ಅವಳು ಪಕ್ಕಕ್ಕೆ ತಳ್ಳಿದಳು.

“ಬಿಡು. ನಾನು ಹಾಕ್ತೀನಿ.”

“ಹೊತ್ತಾಗುತ್ತೆ ಅತ್ತಿಗೆ. ಹನ್ನೊಂದಕ್ಕೆ ಗಾಡಿ ಬರುತ್ತೆ.”

“ಬರಲಿ. ಬಂದವನು ನಿಂತ್ಕೋತಾನೆ.”

ಅಷ್ಟಕ್ಕೇ ಬಿಡಲಿಲ್ಲ. ನಾದಿನಿ ಹಾಕಿದ್ದ ಎರಡು ಗುಂಡಿಗಳನ್ನೂ ಬಿಚ್ಚಿದಳು. ನಾದಿನಿ ಕಣ್ಣು ಬಿಟ್ಟು ನೋಡಿದಳು. ಅಣ್ಣ ಸತ್ತು ಮಲಗಿದ್ದಾನೆ, ಅತ್ತಿಗೆ ಗುಂಡಿಗೆ ಜಗಳ ಆಡುತ್ತಿದ್ದಾಳೆ ಎಂದುಕೊಂಡಿರಬೇಕು.

ಹಾಗೆ ಅಂದುಕೊಂಡರೂ ತಪ್ಪಿರಲಿಲ್ಲ. ಬೀದಿಯವರಿಗೆಲ್ಲ ಅವಳು ಹೊಲಿಗೆಯಕ್ಕ. ಊರವರ ಅಂಗಿಗೆಲ್ಲ ಗುಂಡಿ ಹಚ್ಚಿಕೊಟ್ಟವಳು. ಗಂಡ ಈಗ ಹಾಕಿಕೊಂಡಿರುವ ಬಿಳಿ ಅಂಗಿಯೂ ಅವಳ ಕೈಯದೇ. ಆದರೆ ಕಟ್ಟಿಕೊಂಡ ಗಂಡನ ಅಂಗಿಗೆ ಗುಂಡಿ ಹಾಕುವ ಭಾಗ್ಯ ಮೂವತ್ತನಾಲ್ಕು ವರ್ಷದಿಂದ ಅವಳಿಗಿರಲಿಲ್ಲ. ಇವತ್ತೊಂದು ದಿನ ಸಿಕ್ಕಿದೆ. ಇದನ್ನೂ ಪಾಲು ಹಂಚಬೇಕೇ?

ಮೇಲಿನ ಗುಂಡಿಯನ್ನು ಹಿಡಿದಿದ್ದಳಷ್ಟೆ, ಗಂಡನ ಜೊತೆ ಕೆಲಸ ಮಾಡಿದ್ದ ಮುದಿ ಫೋರ್‌ಮನ್ ಬಾಗಿಲಲ್ಲಿ ಕೆಮ್ಮಿದರು.

“ತಂಗಿ, ಮೇಡಂ ಬಂದಿದ್ದಾರೆ.”

ಯಾವ ಮೇಡಂ ಎಂದು ಕೇಳಬೇಕಾಗಿರಲಿಲ್ಲ. ಆ ಮನೆಯಲ್ಲಿ ಮೇಡಂ ಎಂದರೆ ಒಬ್ಬಳೇ. ಹೊಲಿಗೆಯಕ್ಕ ಗುಂಡಿ ಬಿಟ್ಟು ಹೊದಿಕೆಯನ್ನು ಗಂಡನ ಕುತ್ತಿಗೆಯವರೆಗೆ ಎಳೆದುಬಿಟ್ಟಳು.

*

ಮದುವೆಯಾಗಿ ಮೂರು ತಿಂಗಳಿಗೆ ಅವನ ಬಲಗೈಯ ನಾಲ್ಕು ಬೆರಳು ಹೋದವು. ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮೇಲೆ ಅವನ ಕೆಲಸ. ಸ್ಪ್ರಿಂಗ್ ತುಂಡಾಗಿ ಅಚ್ಚು ತಾನಾಗೇ ಇಳಿಯಿತು ಎಂದು ಮನೆಯಲ್ಲಿ ಹೇಳಿದ. ಅವಳು ಆ ಸ್ಪ್ರಿಂಗಿಗೂ ಕಾರ್ಖಾನೆಗೂ ಹಿಡಿಶಾಪ ಹಾಕಿದಳು.

ಗಾಯ ಮಾಗಿದ ಮೇಲೆ ಆಸ್ಪತ್ರೆಯ ಹಿಂದಿನ ಒಂದು ಉದ್ದನೆಯ ಕೋಣೆಗೆ ಹೋಗಲು ಹೇಳಿದರು. ಅಲ್ಲಿ ಮೇಜಿನ ಮೇಲೆ ಬೀಗ, ಚಮಚ, ನಲ್ಲಿಯ ತಿರುಪು, ಹಲಗೆಗೆ ಹೊಡೆದ ಅಂಗಿಯ ಎದೆಭಾಗ. ಕೈ ಕೆಟ್ಟವರಿಗೆ ಮತ್ತೆ ಕೈ ಕಲಿಸುವ ಕೋಣೆ ಅದು. ಕಲಿಸುವವಳು ಮೇಡಂ. ಆಗ ಮೇಡಂಗೆ ಮೂವತ್ತೂ ಆಗಿರಲಿಲ್ಲ, ನೋಡಲೂ ಚೆನ್ನಾಗಿದ್ದಳು. ಹೊಲಿಗೆಯಕ್ಕನ ಕಣ್ಣಿಗೆ ಮೊದಲು ಬಿದ್ದದ್ದು ಅದೇ.

“ಮನೇಲಿ ಯಾರೂ ಸಹಾಯ ಮಾಡಬೇಡಿ,” ಎಂದಳು ಮೇಡಂ. “ಅಂಗಿ ಗುಂಡಿ ಅವರೇ ಹಾಕ್ಕೊಳ್ಳಲಿ. ಎಷ್ಟೊತ್ತಾದರೂ ಸರಿ.”

ಮೊದಲ ದಿನ ಐದು ಗುಂಡಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬಲಗೈಯನ್ನು ಬೆನ್ನ ಹಿಂದಿಟ್ಟು ಎಡಗೈಯಲ್ಲೇ ಹಾಕಬೇಕು, ಅದು ಮೇಡಂ ಕಲಿಸಿದ ಕ್ರಮ. ಅವನ ಹಣೆಯಲ್ಲಿ ಬೆವರು. ಅವಳು ಬಾಗಿಲಿಗೆ ಒರಗಿ ಹಲ್ಲು ಕಚ್ಚಿ ನಿಂತಳು. ಒತ್ತಿದರೆ ಕೂರುವ ಟಿಚ್ ಬಟನ್ ಹಚ್ಚಿಕೊಡುತ್ತೇನೆ ಎಂದಳು. ಮೇಡಂ ಬೇಡ ಅಂದಿದ್ದಾರೆ ಎಂದ. ನಾಲ್ಕನೆಯ ದಿನ ತಡೆಯಲಾರದೆ ಓಡಿಬಂದು ಐದೂ ಗುಂಡಿ ಹಾಕಿಬಿಟ್ಟಳು. ಪುಣ್ಯಾತ್ಮ ಅದನ್ನೂ ಹೋಗಿ ಮೇಡಂಗೆ ಹೇಳಿದ.

“ನಿಮ್ಮ ಯಜಮಾನರ ಕೈ ವಾಪಸ್ ಬರಬೇಕು ಅಂದ್ರೆ, ನಿಮ್ಮ ಕೈ ಸ್ವಲ್ಪ ಕಟ್ಟಿಕೊಂಡಿರಿ,” ಎಂದು ಮೇಡಂ ಎಲ್ಲರೆದುರು ಅಂದಳು.

“ನನ್ನ ಗಂಡನ ಅಂಗಿ ಮುಟ್ಟೋಕೆ ಅವಳ ಅಪ್ಪಣೆ ಬೇಕಾ?” ಎಂದು ಅವಳು ದಾರಿಯುದ್ದಕ್ಕೂ ಉರಿದಳು. ಅವತ್ತಿನಿಂದ ಮುಟ್ಟಲಿಲ್ಲ.

ವರ್ಷ ತುಂಬುವಷ್ಟರಲ್ಲಿ ಅವನು ಎಡಗೈಯಲ್ಲಿ ಗುಂಡಿ ಹಾಕಿದ, ಸೈಕಲ್ಲು ತುಳಿದ. ಕಾರ್ಖಾನೆಯಲ್ಲಿ ಯಂತ್ರ ಯಂತ್ರಕ್ಕೂ ಹೋಗಿ ಬಗ್ಗಿ ನೋಡುವ ಕೆಲಸ ಕೊಟ್ಟರು. ಪ್ರೆಸ್ಸಿಗೆ ಎರಡು ಸ್ವಿಚ್ಚು. ಎರಡು ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು, ಆಗ ಕೈ ಒಳಗಿರುವುದಿಲ್ಲ. ಬೇಗ ಮುಗಿಸುವ ಆಸೆಗೆ ಕೆಲವರು ಒಂದು ಸ್ವಿಚ್ಚಿಗೆ ಮರದ ಬೆಣೆ ಸಿಕ್ಕಿಸಿ, ಒಂದು ಕೈಯಲ್ಲಿ ಒತ್ತುತ್ತ ಇನ್ನೊಂದರಲ್ಲಿ ತಗಡು ತೂರಿಸುತ್ತಾರೆ. ಅವನು ಆ ಬೆಣೆಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಹುಡುಗರು ಬೆಣೆ ಮೇಷ್ಟ್ರು ಎಂದು ಹೆಸರಿಟ್ಟರು. ಅವನಿದ್ದ ಕಾಲದಲ್ಲಿ ಆ ಸಾಲಿನಲ್ಲಿ ಮತ್ತೊಂದು ಬೆರಳು ಹೋಗಲಿಲ್ಲ.

ಕೈ ಪಳಗಿದರೂ ಭಾನುವಾರ ಭಾನುವಾರ ಆ ಕೋಣೆಗೆ ಹೋಗುವುದು ತಪ್ಪಲಿಲ್ಲ. ಹೊಸದಾಗಿ ಬಂದವರಿಗೆ ಗುಂಡಿ ಹಾಕುವುದನ್ನು ಕಲಿಸುತ್ತಿದ್ದ.

“ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?” ಎಂದು ಅವಳು ಚುಚ್ಚುತ್ತಿದ್ದಳು.

“ದಾಟದೇ ಇರೋರು ಇನ್ನೂ ಇದ್ದಾರಲ್ಲೇ,” ಎಂದು ಅವನು ಚಪ್ಪಲಿ ಮೆಟ್ಟುತ್ತಿದ್ದ.

ಆ ಕೋಣೆಗೆ ಅವಳು ಭಾನುವಾರದ ಸವತಿ ಎಂದು ಹೆಸರಿಟ್ಟಳು. ನಾದಿನಿ ಬಿದ್ದು ಬಿದ್ದು ನಗುತ್ತಿದ್ದಳು. ಅವಳಿಗೆ ನಗು ಬರುತ್ತಿರಲಿಲ್ಲ.

*

ಮೇಡಂಗೆ ಈಗ ಕೂದಲೆಲ್ಲ ಬೆಳ್ಳಗೆ, ಕೈಯಲ್ಲಿ ಕೋಲು. ಜೊತೆಗೊಬ್ಬ ಹೆಂಗಸು. ಬೇಕರಿಯಲ್ಲಿ ಹಿಟ್ಟು ನಾದುವ ಯಂತ್ರಕ್ಕೆ ಎರಡು ಬೆರಳು ಕೊಟ್ಟವಳು. ಮೇಡಂ ಸತ್ತವನ ಮುಖ ನೋಡಿ ಕೈ ಮುಗಿದಳು. ಬೇಕರಿಯವಳು ಮಾತ್ರ ಮಾತಿನ ಮಲ್ಲಿ, ಅಳುತ್ತಲೇ ಹೊಲಿಗೆಯಕ್ಕನ ಕೈ ಹಿಡಿದಳು.

“ನೀವೇನಾ ಅಕ್ಕಾ ಐದು ಗಂಟೆ ಅಕ್ಕ?”

“ಯಾವ ಐದು ಗಂಟೆ?”

“ಅಯ್ಯೋ, ಅಲ್ಲಿ ನಿಮ್ಮನ್ನ ಎಲ್ಲರೂ ಹಂಗೇ ಅನ್ನೋದು. ಹೊಸಬರು ಬಂದ್ರೆ ಮೇಷ್ಟ್ರು ಮೊದಲು ಆ ಕತೇನೇ ಹೇಳ್ತಿದ್ರು. ಹೊಸ ಮದುವೆ, ಒಂದೇ ಕೋಣೆ ಮನೆ, ಅತ್ತೆ ಬೇರೆ ಜೊತೆಗೆ. ಅವತ್ತು ಬೆಳಿಗ್ಗೆ ನೀವು ಬಾಗಿಲಲ್ಲಿ ನಿಂತು, ‘ಐದಕ್ಕೆ ಬಂದ್ರೆ ನಾವಿಬ್ರೇ, ಆರಕ್ಕೆ ಬಂದ್ರೆ ಅತ್ತೆ ಬಂದಿರ್ತಾರೆ’ ಅಂದ್ರಂತಲ್ಲ. ಅದಕ್ಕೇ ಬೇಗ ಮುಗಿಸೋಣ ಅಂತ ಸ್ವಿಚ್ಚಿಗೆ ಬೆಣೆ...”

ಮೇಡಂ ಕೋಲಿನಿಂದ ನೆಲಕ್ಕೆ ಟಕ್ಕನೆ ಕುಟ್ಟಿದಳು. ಬೇಕರಿಯವಳು ನಾಲಿಗೆ ಕಚ್ಚಿಕೊಂಡಳು. ಫೋರ್‌ಮನ್ ಗೋಡೆಯ ಕಡೆ ತಿರುಗಿದರು.

“ಸ್ಪ್ರಿಂಗ್ ತುಂಡಾಗಿತ್ತು,” ಎಂದಳು ಹೊಲಿಗೆಯಕ್ಕ. “ಅಲ್ವಾ ಅಣ್ಣಾ?”

ಫೋರ್‌ಮನ್ ತಿರುಗಲಿಲ್ಲ. “ಸ್ಪ್ರಿಂಗ್ ಸರಿಯಾಗೇ ಇತ್ತು ತಂಗಿ. ಆಮೇಲೆ ಬೆಣೆ ಕಿತ್ತಿದ್ದು ನಾನೇ.”

ಅವಳ ಕಿವಿ ಕೆಂಪಾಯಿತು. ಗಂಡನ ಹೆಣದ ಪಕ್ಕದಲ್ಲಿ ನಿಂತು ಐವತ್ತಾರರ ಹೆಂಗಸು ಮದುಮಗಳಂತೆ ನಾಚಿದಳು.

“ಎಷ್ಟು ಜನಕ್ಕೆ ಗೊತ್ತು ಇದು?”

“ಅಲ್ಲಿಗೆ ಬಂದೋರಿಗೆಲ್ಲ,” ಎಂದಳು ಮೇಡಂ. “‘ಮನೆಗೆ ಅವಸರ ಮಾಡೋದು ತಪ್ಪಲ್ಲ, ಬೆಣೆ ಇಡೋದು ತಪ್ಪು. ಬೆಣೆ ಇಟ್ಟಿದ್ದು ನಾನು. ಅವಳಿಗೆ ಮಾತ್ರ ಹೇಳಬೇಡಿ, ತನ್ನ ತಲೆ ಮೇಲೆ ಹಾಕ್ಕೋತಾಳೆ’ ಅಂತ ಪ್ರತಿ ಸಲ ಹೇಳ್ತಿದ್ರು.”

“ನನ್ನೊಬ್ಬಳನ್ನ ಬಿಟ್ಟು ಊರಿಗೆಲ್ಲ ಡಂಗುರ!” ಅವಳು ಹೆಣದ ಕಡೆ ತಿರುಗಿದಳು. “ಹೇಳಿದ್ರೆ ನಾನೇನು ಸಾಯ್ತಿದ್ನಾ? ಅತ್ತು ಮುಗಿಸ್ತಿದ್ದೆ ತಾನೇ?”

ಮೇಡಂ ಕುರ್ಚಿ ಎಳೆದುಕೊಂಡು ಕೂತಳು.

“ನಿಮಗೆ ನನ್ನ ಕಂಡ್ರೆ ಆಗಲ್ಲ, ಗೊತ್ತು. ನನಗೂ ನಿಮ್ಮ ಮೇಲೆ ಹೊಟ್ಟೆ ಉರೀತಿತ್ತಮ್ಮ. ಅಷ್ಟು ಅವಸರ ಮಾಡಿಕೊಂಡು ನನ್ನ ಮನೆಗೆ ಯಾವತ್ತೂ ಯಾರೂ ಬರಲಿಲ್ಲ.”

*

ಗಂಡನ ಬೆರಳು ಹೋದ ದಿನ ಅವಳು ನಾಲ್ಕೂವರೆಗೇ ತಲೆ ಬಾಚಿ ಕೂತಿದ್ದಳು. ಅತ್ತೆ ಹೊರಗೆ ಹೋಗಿದ್ದರು. ಕನ್ನಡಿಯಲ್ಲಿ ಎರಡು ಸಲ ಮುಖ ನೋಡಿಕೊಂಡು, ಚೆನ್ನಾಗಿದ್ದೇನೆ ಎಂದು ತನಗೆ ತಾನೇ ಒಪ್ಪಿಕೊಂಡಳು. ಐದಾಯಿತು, ಐದೂಕಾಲಾಯಿತು. ಬರಲಿ, ಚಿಲಕವನ್ನೇ ತೆಗೆಯುವುದಿಲ್ಲ ಎಂದು ಮುನಿಸಿಕೊಂಡಳು. ಐದೂವರೆಗೆ ಬಾಗಿಲು ಬಡಿದಾಗ ಬೇಕೆಂದೇ ಸ್ವಲ್ಪ ಹೊತ್ತು ಎದ್ದೇಳಲಿಲ್ಲ.

ತೆಗೆದರೆ ಫೋರ್‌ಮನ್ ನಿಂತಿದ್ದರು. ಅಂಗಿಯ ತೋಳಿನ ಮೇಲೆ ಅವರದಲ್ಲದ ರಕ್ತ.

ಅವಳು ಆ ದಿನದ ಎಲ್ಲವನ್ನೂ ನೆನಪಿಟ್ಟುಕೊಂಡಿದ್ದಳು. ಬೆಳಿಗ್ಗೆ ಬಾಗಿಲಲ್ಲಿ ತಾನಾಡಿದ ಒಂದು ಮಾತನ್ನು ಮಾತ್ರ ಮರೆತಿದ್ದಳು. ಅವನು ಮರೆತಿರಲಿಲ್ಲ.

*

ಗಾಡಿ ಬಂತು. ಚಾಲಕ ಒಮ್ಮೆ ಹಾರ್ನ್ ಒತ್ತಿದ.

ಅವಳು ಹೊದಿಕೆ ಸರಿಸಿದಳು. ಐದೂ ಗುಂಡಿ ಬಿಚ್ಚಿದಂತೆಯೇ ಇದ್ದವು. ಮೂವತ್ತನಾಲ್ಕು ವರ್ಷ ಅವಳು ಹೊಟ್ಟೆಕಿಚ್ಚು ಪಟ್ಟದ್ದು ಮೇಡಂ ಮೇಲೆ, ಆ ಕೋಣೆಯ ಮೇಲೆ. ಈಗ ಅದು ತಲೆ ಬಾಚಿ ಕೂತಿದ್ದ ಇಪ್ಪತ್ತೆರಡರ ಆ ಹುಡುಗಿಯ ಮೇಲೆ ತಿರುಗಿತು. ಅವನ ಅವಸರವೆಲ್ಲ ಅವಳ ಪಾಲಾಯಿತು. ಒಂದು ಮಾತಿಗೆ ನಾಲ್ಕು ಬೆರಳು ತೆಗೆದುಕೊಂಡು, ಏನೂ ಗೊತ್ತಿಲ್ಲದೆ ಹಾಯಾಗಿದ್ದುಬಿಟ್ಟಳು.

ಅವಳು ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಎಡಗೈ ಮುಂದೆ ಬಂತು.

ಸೂಜಿಯ ಕಣ್ಣಿಗೆ ಕತ್ತಲಲ್ಲೂ ದಾರ ಪೋಣಿಸುವವಳಿಗೆ ಮೊದಲ ಗುಂಡಿಯೇ ಸಿಗಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಕಾಜಿನ ಅಂಚಿಗೆ ಬಂದು ಮತ್ತೆ ಜಾರಿತು.

“ಅತ್ತಿಗೆ, ಗಾಡಿ ಬಂದಿದೆ. ಕೊಡಿ, ನಾನು ಹಾಕ್ತೀನಿ.” ನಾದಿನಿ ಬಗ್ಗಿದಳು.

ಮೇಡಂ ಕೋಲನ್ನು ಅಡ್ಡ ಚಾಚಿದಳು.

“ಯಾರೂ ಸಹಾಯ ಮಾಡಬೇಡಿ.”

ನಾದಿನಿ ಹಿಂದೆ ಸರಿದಳು. ಹೊರಗೆ ಚಾಲಕ ಮತ್ತೆ ಹಾರ್ನ್ ಒತ್ತಿದ. ಫೋರ್‌ಮನ್ ಹೋಗಿ ಅವನಿಗೆ ಏನೋ ಹೇಳಿದರು. ಗಾಡಿಯ ಎಂಜಿನ್ ನಿಂತಿತು. ಬೇಕರಿಯವಳು ಎರಡು ಬೆರಳಿಲ್ಲದ ತನ್ನ ಕೈಯನ್ನು ಬಾಯಿಗೆ ಒತ್ತಿಕೊಂಡು ನೋಡುತ್ತ ನಿಂತಳು.

ಮೊದಲನೆಯದು ಕೂತಿತು. ಅವಳು ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಂಡು, ಬೆನ್ನ ಹಿಂದಿನ ಕೈಯನ್ನು ಅಲ್ಲೇ ಇಟ್ಟುಕೊಂಡು, ಎರಡನೆಯದನ್ನು ಹುಡುಕಿದಳು.