ಹಾಜರಿಯ ಹೆಸರು

ಬೆಳಿಗ್ಗೆ ಆರಕ್ಕೆ ಆ ಮನೆಯಲ್ಲಿ ಒಂದೇ ಒಲೆಯ ಮೇಲೆ ಮೂವರ ಚಹಾ ಕುದಿಯುತ್ತಿತ್ತು. ತಾಯಿ, ತಾಯಿಯ ಅಣ್ಣ, ಮತ್ತು ಆ ಮಾವನ ಕೈಯಲ್ಲೇ ಪುಸ್ತಕ ಹೊಲಿಯಲು ಕಲಿತ ಮಗಳು. ಮೂವರೂ ಒಂದೇ ಮೇಜಿಗೆ ಕೂರುತ್ತಿದ್ದರು. ಆದರೆ ಹುಟ್ಟಿದಾಗ ಗಂಡೆಂದು ಇಟ್ಟ ಹೆಸರನ್ನು ಬಿಟ್ಟು, ಮಗಳು ತಾನು ಹೆಣ್ಣೆಂದು ಹೇಳಿ, ಸರಕಾರಿ ಕಾಗದದಲ್ಲೂ ಹೊಸ ಹೆಸರು ಬರೆಸಿಕೊಂಡ ದಿನದಿಂದ ಮಾವ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ಬರೀ "ಏ, ಇಲ್ಲಿ ಕೇಳು."

ಮನೆಯಲ್ಲಿ ಹಾಗೂ ಹೀಗೂ ನಡೆಯುತ್ತಿತ್ತು. ಕಷ್ಟವಿದ್ದದ್ದು ಅವರಿಬ್ಬರೂ ದುಡಿಯುವ ಬೈಂಡಿಂಗ್ ಅಂಗಡಿಯಲ್ಲಿ. ಅಲ್ಲಿ ಮಾವನೇ ಮೇಸ್ತ್ರಿ. ದಿನವೂ ಮೇಸ್ತ್ರಿ ಎಲ್ಲರ ಹೆಸರನ್ನು ಗಟ್ಟಿಯಾಗಿ ಕೂಗಬೇಕು, ಅವರು "ಬಂದೆ" ಎನ್ನಬೇಕು, ಆಮೇಲೆಯೇ ಸೂಜಿ ಕೈಗೆ. ಮಾವ ಅವಳ ಹಳೆಯ ಹೆಸರನ್ನೇ ಕೂಗುತ್ತಿದ್ದರು. ಕಾಗದ ಕತ್ತರಿಸುವ ಯಂತ್ರದ ಬಳಿ ಯಾರಾದರೊಬ್ಬ ಕಿಸಕ್ಕೆಂದು ನಗುತ್ತಿದ್ದ. ಅವಳು ತಲೆ ತಗ್ಗಿಸಿ "ಬಂದೆ" ಎಂದರೆ, ಮಧ್ಯಾಹ್ನ ಬುತ್ತಿ ಬಿಚ್ಚುವ ಮನಸ್ಸೂ ಆಗುತ್ತಿರಲಿಲ್ಲ.

"ಅಣ್ಣಾ, ಒಂದು ಹೆಸರು ತಾನೇ? ಕರೆದ್ರೆ ನಿನ್ನ ನಾಲಿಗೆ ಸವೆಯುತ್ತಾ?" ಎಂದಳು ತಾಯಿ ಒಂದು ದಿನ.

"ದೇವರು ಕೊಟ್ಟದ್ದನ್ನ ಮನುಷ್ಯ ಬದಲಾಯಿಸೋಕಾಗಲ್ಲಮ್ಮ. ಅದು ನನ್ನ ನಂಬಿಕೆ. ನಂಬಿಕೆ ಬಿಡು ಅಂತ ಯಾರನ್ನೂ ಪೀಡಿಸಬಾರದು ಅಂತ ಅಂಗಡಿ ಗೋಡೆ ಮೇಲೇ ಬರೆದು ಹಾಕಿದ್ದಾರೆ."

"ಅದರ ಕೆಳಗಿನ ಸಾಲು ಓದಿದ್ದೀರಾ ಮಾವ?" ಎಂದಳು ಮಗಳು. "ತಾನು ಹೆಣ್ಣು ಅಂತಲೋ ಗಂಡು ಅಂತಲೋ ಹೇಳ್ಕೊಂಡವರನ್ನ ಅವಮಾನ ಮಾಡಬಾರದು ಅಂತಾನೂ ಇದೆ."

ಮಾವ ಲೋಟ ಇಟ್ಟು ಎದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಕೆಟ್ಟವರಲ್ಲ. ಅವಳ ಅಪ್ಪ ಸತ್ತ ಮೇಲೆ ತಾಯಿ ಮಗಳನ್ನು ಸಾಕಿದವರು, ಸೂಜಿ ಚುಚ್ಚಿದ ಪುಟ್ಟ ಬೆರಳನ್ನು ಊದಿ ಅಳು ನಿಲ್ಲಿಸಿದವರು. ಅದಕ್ಕೇ ಅವಳಿಗೆ ಅಷ್ಟು ಆಸೆ. ಊರೆಲ್ಲ ಏನಾದರೂ ಕರೆದುಕೊಳ್ಳಲಿ, ತನ್ನ ಹೆಸರು ಆ ಬಾಯಿಂದ ಒಂದು ಸಲ ಬರಬೇಕು. ಅವರ ದನಿಯಲ್ಲಿ ಅದು ಹೇಗೆ ಕೇಳೀತೆಂದು ದಾರಿಯಲ್ಲಿ ನಡೆಯುವಾಗ ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದಳು.

ಕೊನೆಗೆ ಅವಳು ಅಂಗಡಿಯ ಯಜಮಾನಿಗೆ ದೂರು ಕೊಟ್ಟಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದೆಂದು ಯಜಮಾನಿ ಉಪಾಯ ಹೂಡಿದರು.

"ನೀನು ಹಿಂದಿನ ಗೋದಾಮಿನಲ್ಲಿ ಒಬ್ಬಳೇ ಕೂತು ಹೊಲಿ. ನಿನ್ನ ಹೆಸರು ಕೂಗೋದೇ ಬೇಡ. ಅವರ ನಂಬಿಕೆಗೂ ಧಕ್ಕೆ ಇಲ್ಲ, ನಿನಗೂ ಅವಮಾನ ಇಲ್ಲ."

ಕೇಳಲು ಎಷ್ಟು ಚೆಂದದ ನ್ಯಾಯ! ನಾವು ಮಾಡುವುದೂ ಇದನ್ನೇ. ಜಗಳ ಬೇಡವೆಂದು ನೋವು ತಿಂದವರನ್ನೇ ಮೂಲೆಗೆ ತಳ್ಳಿ, ಮನೆ ತಣ್ಣಗಿದೆಯೆಂದು ಬೀಗುತ್ತೇವೆ.

ಮರುದಿನ ಅವಳು ಗೋದಾಮಿಗೆ ಹೋಗಲಿಲ್ಲ. ಸಾಲಿನಲ್ಲೇ ನಿಂತಳು. ಮಾವ ಸಿಟ್ಟಿನಿಂದ ಹಳೆಯ ಹೆಸರು ಕೂಗಿದರು. ಉತ್ತರವಿಲ್ಲ. ಮತ್ತೆ ಕೂಗಿದರು.

"ಎದುರಿಗೇ ನಿಂತಿದ್ದೀಯ, ಕಿವಿ ಕೇಳಲ್ವಾ?"

"ನಿಮ್ಮ ನಂಬಿಕೆ ನಿಮ್ಮ ಎದೆಯಲ್ಲಿರಲಿ ಮಾವ. ನೀವು ಪ್ರಾರ್ಥನೆ ಮಾಡುವಾಗ ನಾನು ಯಾವತ್ತಾದರೂ ಅಡ್ಡ ಬಂದಿದ್ದೀನಾ? ಆದ್ರೆ ಇದು ಹಾಜರಿ ಪುಸ್ತಕ. ಇದರಲ್ಲಿ ಬೇಕಾಗಿರೋದು ನನ್ನ ಹೆಸರು. ಅದನ್ನ ಕೂಗೋವರೆಗೂ ನಾನು ಬಂದಿಲ್ಲ."

"ಹಾಗಾದ್ರೆ ನಾನೂ ಬಂದಿಲ್ಲ ಬಿಡಿ ಮೇಸ್ತ್ರಿ, ಮನೆಯಲ್ಲೇ ಗೊರಕೆ ಹೊಡೀತಿದ್ದೀನಿ," ಎಂದಳು ಎಲ್ಲರಿಗಿಂತ ಹಿರಿಯಳಾದ ಹೊಲಿಗೆಯಜ್ಜಿ, ತನ್ನ ಹಾಜರಿ ಮುಗಿಸಿ ಹಿಡಿದಿದ್ದ ಸೂಜಿ ಕೆಳಗಿಟ್ಟು. ಜನ ನಕ್ಕರು. ಈ ಸಲದ ನಗು ಅವಳನ್ನು ಚುಚ್ಚಲಿಲ್ಲ.

ಮಾವ ಪುಸ್ತಕದಲ್ಲಿ ಅವಳ ಸಾಲಿನ ಮೇಲೆ ಬೆರಳಿಟ್ಟರು. ತುಟಿ ಅಲುಗಿತು. ಇನ್ನೇನು ಹೆಸರು ಬಂತು ಎನ್ನುವಾಗ ಅವರು ಪುಸ್ತಕವನ್ನು ಗಲಾಟೆ ಕೇಳಿ ಬಂದಿದ್ದ ಯಜಮಾನಿಯ ಕೈಗೆ ಕೊಟ್ಟರು.

"ನನ್ನ ಕೈಲಾಗಲ್ಲ. ಇನ್ನು ದಿನಾ ನೀವೇ ಕೂಗಿ," ಎಂದು ಯಂತ್ರದ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತರು.

ಯಜಮಾನಿ ಕನ್ನಡಕ ಸರಿಮಾಡಿಕೊಂಡು, ಹಳೆಯ ಹೆಸರನ್ನು ಹೊಡೆದುಹಾಕಿ, ಅವಳ ಹೆಸರನ್ನು ಬರೆದು ಗಟ್ಟಿಯಾಗಿ ಕೂಗಿದರು. ಆ ಕೋಣೆಯಲ್ಲಿ ಅದು ಕೇಳಿಸಿದ್ದು ಅದೇ ಮೊದಲು.

ಅವಳು ಯಜಮಾನಿಯ ಕಡೆ ನೋಡಲಿಲ್ಲ. ಯಂತ್ರದ ಕಡೆ ತಿರುಗಿ, ಆ ಬೆನ್ನಿಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು: "ಬಂದೆ, ಮಾವ."