ಸಾಧಿಸಲಾಗಿದೆ

ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಬಾರದ್ದು ಏನೂ ಇಲ್ಲ. ಬೇಕಾದರೆ ನಮ್ಮ ಪಾಠದ ದಿನಚರಿ ತೆಗೆದು ನೋಡಿ. ಪ್ರತಿ ಪಾಠಕ್ಕೂ ಎಡಗಡೆ ಒಂದು ಗುರಿ, ಬಲಗಡೆ ‘ಸಾಧಿಸಲಾಗಿದೆ’. ಮುಖ್ಯೋಪಾಧ್ಯಾಯರು ಎಲ್ಲೋ ಎರಡು ದಿನದ ತರಬೇತಿಗೆ ಹೋಗಿ ಹಚ್ಚಿಕೊಂಡು ಬಂದ ಹುಚ್ಚು ಇದು. ನಾವೇನು ಕಡಿಮೆಯೇ? ಸೋಮವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಕೂತು ಇಡೀ ವಾರದ ಗುರಿಗಳನ್ನು ಬರೆದು, ಅದೇ ಉಸಿರಿನಲ್ಲಿ ಎಲ್ಲವನ್ನೂ ಸಾಧಿಸಿಯೂ ಬಿಡುತ್ತಿದ್ದೆವು. ವಿಜ್ಞಾನದ ಮೇಷ್ಟ್ರಂತೂ ‘ಸಾಧಿಸಲಾಗಿದೆ’ ಎಂದು ಒಂದೇ ಸಲ ಬರೆದು, ಕೆಳಗೆ ಉದ್ದಕ್ಕೂ ಗೀಟು ಎಳೆಯುತ್ತಿದ್ದರು. ಮುಖ್ಯೋಪಾಧ್ಯಾಯರು ಕಣ್ಣು ಮುಚ್ಚಿಕೊಂಡು ರುಜು ಹಾಕುತ್ತಿದ್ದರು.

ಇಂಥ ಕಡೆಗೆ ಬಂದು ಸೇರಿದಳು ಆ ಹುಡುಗಿ, ಆರನೇ ತರಗತಿಯ ಹೊಸ ಗಣಿತದ ಟೀಚರ್. ವರ್ಷದ ಕೊನೆಗೆ ಕಾಯಂ ಆಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅವಳು ಈ ಗುರಿಯನ್ನು ನಿಜವೆಂದು ನಂಬಿಬಿಟ್ಟಳು! ನಮ್ಮ ಹಾಗೆ ‘ಭಿನ್ನರಾಶಿಯ ಪರಿಕಲ್ಪನೆ ಬೆಳೆಸುವುದು’ ಎಂದು ಗಂಭೀರವಾಗಿ ಬರೆಯುವುದು ಬಿಟ್ಟು, ‘ಮೂರರಲ್ಲಿ ಎರಡು ದೊಡ್ಡದೋ, ಐದರಲ್ಲಿ ಮೂರು ದೊಡ್ಡದೋ, ಚಿತ್ರ ಬರೆದು ತೋರಿಸಬಲ್ಲೆ’ ಎಂದು ಮಕ್ಕಳ ಮಾತಿನಲ್ಲೇ ಬರೆದಳು. ಗಂಟೆ ಹೊಡೆಯಲು ಐದು ನಿಮಿಷ ಇರುವಾಗ ಒಬ್ಬೊಬ್ಬರಿಂದಲೂ ಅದನ್ನೇ ಮಾಡಿಸಿದಳು. ಆಮೇಲೆ ಬಲಗಡೆ, ‘ಮೂವತ್ತೆಂಟರಲ್ಲಿ ಹದಿನೇಳು ಮಕ್ಕಳಿಗೆ ಬಂದಿಲ್ಲ. ನಾಳೆ ಮತ್ತೆ ಇದೇ ಪಾಠ’ ಎಂದು ದಾಖಲಿಸಿದಳು. ಅಯ್ಯೋ ಪೆದ್ದೇ! ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕಿಕೊಳ್ಳುವವರನ್ನು ಕಂಡಿದ್ದೆ, ಅದಕ್ಕೆ ತಾರೀಖು ಬೇರೆ ಹಾಕುವವರನ್ನು ಕಂಡಿರಲಿಲ್ಲ.

ವರ್ಷದ ಕೊನೆಯ ಸಭೆಯಲ್ಲಿ ಎಲ್ಲರ ದಿನಚರಿಗಳೂ ಮೇಜಿನ ಮೇಲಿದ್ದವು.

“ಎಲ್ಲರದ್ದೂ ನೂರಕ್ಕೆ ನೂರು. ಇವರದ್ದು ಅರ್ಧಕ್ಕರ್ಧ ಫೇಲು,” ಎಂದರು ಮುಖ್ಯೋಪಾಧ್ಯಾಯರು. “ಇಂಥವರನ್ನ ಹೇಗೆ ಇಟ್ಕೊಳ್ಳೋದು ಹೇಳಿ?”

ಹುಡುಗಿ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮೇಲಿನ ಪ್ರೀತಿಗಲ್ಲ. ಸುಳ್ಳನ್ನಾದರೂ ನೆಟ್ಟಗೆ ಹೇಳಲು ಬಾರದ ಈ ಜನ ನಿಜ ಹೇಳಿದವಳಿಗೆ ಮಾರ್ಕು ಹಾಕುತ್ತಾರಲ್ಲ, ಅದಕ್ಕೆ.

“ಸಾರ್, ಹೋದ ತಿಂಗಳ ಹದಿನಾಲ್ಕನೇ ತಾರೀಖು ತೆಗೀರಿ,” ಎಂದೆ. “ಅವತ್ತು ನೀರಿನ ಟ್ಯಾಂಕ್ ಒಡೆದು ನೀವೇ ರಜಾ ಕೊಟ್ರಿ. ಆದ್ರೂ ವಿಜ್ಞಾನದ ಮೇಷ್ಟ್ರ ಕ್ಲಾಸಿನ ಮಕ್ಕಳು ಗುರಿ ಸಾಧಿಸಿದಾರೆ. ನನ್ನ ಮಕ್ಕಳೂ ಸಾಧಿಸಿದಾರೆ. ನೀವು ರುಜುನೂ ಹಾಕಿದೀರಿ. ‘ಶಾಲೆ ಇರಲಿಲ್ಲ’ ಅಂತ ಬರೆದಿರೋಳು ಇವಳೊಬ್ಬಳೇ.”

ವಿಜ್ಞಾನದ ಮೇಷ್ಟ್ರು ಫ್ಯಾನು ನೋಡತೊಡಗಿದರು. ಮುಖ್ಯೋಪಾಧ್ಯಾಯರು ತಮ್ಮ ರುಜುವನ್ನೇ ಪಕ್ಕದ ಮನೆಯವರದೇನೋ ಎಂಬಂತೆ ದಿಟ್ಟಿಸಿದರು.

“ಹೊಸಬರು, ಪಾಪ, ಕಲೀತಾರೆ ಬಿಡಿ,” ಎಂದು ಗೊಣಗಿ ಕಾಯಂ ಪತ್ರಕ್ಕೆ ರುಜು ಗೀಚಿದರು.

ನಾನು ಬೀಗುತ್ತ ಹೊರಬಂದೆ. ಹುಡುಗಿ ಬಂದು ಕೈಮುಗಿಯಲಿ ಎಂದೇ ವರಾಂಡದಲ್ಲಿ ನಿಧಾನವಾಗಿ ನಡೆದೆ. ಓಡಿಯೇ ಬಂದಳು.

“ಅಕ್ಕಾ, ನಿಮ್ಮಿಂದ ಉಳ್ಕೊಂಡೆ. ನಿಮ್ಮ ಐದನೇ ಕ್ಲಾಸು ಮುಂದಿನ ವರ್ಷ ನನಗೇ ಬರತ್ತಲ್ಲ, ಅದರಲ್ಲಿ ಭಾಗಾಕಾರ ನಿಜವಾಗ್ಲೂ ಎಷ್ಟು ಮಕ್ಕಳಿಗೆ ಬರತ್ತೆ ಹೇಳಿ. ನಾನು ಅಲ್ಲಿಂದ ಶುರು ಮಾಡ್ತೀನಿ.”

ಅವಳ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಹಾಳೆ ಹಿಡಿದು ಕಾಯುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಭಾಗಾಕಾರ ಹೇಳಿಕೊಡುತ್ತಿದ್ದೇನೆ. ಅರ್ಥ ಆಯ್ತಾ ಎಂದು ಕೇಳಿದ್ದೇನೆ, ಹೂಂ ಎಂದು ಎಲ್ಲರೂ ಒಟ್ಟಿಗೆ ಕೂಗಿದ್ದಾರೆ. ಒಬ್ಬೊಬ್ಬರಿಂದ ಮಾಡಿಸಿ ನೋಡಿದ್ದಿಲ್ಲ.

“ಗೊತ್ತಿಲ್ಲ ಕಣೇ,” ಎಂದೆ.

ಅವಳು ಅದನ್ನೂ ಬರೆದುಕೊಂಡಳು.